ಮನೆಯ ಡಿಎನ್‌ಎಸ್ ಪೆಟ್ಟಿಗೆ: ನಾಲ್ಕು ತಿಂಗಳಲ್ಲಿ ಆದದ್ದು

ಆಗಸ್ಟ್

ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಮೈಸೂರಿನ ನಮ್ಮ ಮನೆಗೂ ಒಂದು ಸಣ್ಣ ಡಿಎನ್‌ಎಸ್ ಸರ್ವರ್, ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ಇಂಟರ್ನೆಟ್ ವಿಳಾಸ ಹೇಳುವ ಕಂಪ್ಯೂಟರ್, ಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಕೊನೆಗೂ ಶುರು ಮಾಡಿದೆ.

ಯಾಕೆ ಅಂದರೆ, ಫೋನ್‌ನಲ್ಲಿ ಯಾವ ಆ್ಯಪ್ ತೆರೆದರೂ ಅದು ಮೊದಲು ಒಂದು ಹೆಸರು ಕೊಟ್ಟು ವಿಳಾಸ ಕೇಳುತ್ತದೆ. ಆ ಪ್ರಶ್ನೆ ಸಾಮಾನ್ಯವಾಗಿ ಇಂಟರ್ನೆಟ್ ಕೊಡುವ ಕಂಪನಿಯ ಸರ್ವರ್‌ಗೆ ಹೋಗುತ್ತದೆ. 53ನೇ ಪೋರ್ಟ್‌ನಲ್ಲಿ, ಅಂದರೆ ಡಿಎನ್‌ಎಸ್‌ಗೆಂದೇ ಇಟ್ಟ ಬಾಗಿಲಿನಲ್ಲಿ, ತೆರೆದ ಪೋಸ್ಟ್ ಕಾರ್ಡ್ ಥರ. ಈ ಪದ್ಧತಿಯ ನಿಯಮ ಬರೆದದ್ದು 1987ರಲ್ಲಿ. ಆಗ ಗುಟ್ಟಿನ ಚಿಂತೆ ಯಾರಿಗೂ ಅಷ್ಟಾಗಿ ಇರಲಿಲ್ಲ. ಇವತ್ತು ನಾವು ಓದುವ ಪುಟಕ್ಕೆ ಬೀಗ ಇದೆ. ಆದರೆ ಯಾರ ಬಾಗಿಲಿಗೆ ಹೋದೆವು ಅನ್ನುವುದು ದಾರಿಯಲ್ಲಿ ನಿಂತವರಿಗೆ ಕಾಣುತ್ತದೆ. ಒಂದು ಮನೆಯವರು ದಿನವಿಡೀ ಕೇಳಿದ ಹೆಸರುಗಳನ್ನು ಸಾಲಾಗಿ ಇಟ್ಟರೆ, ಆ ಮನೆಯ ದಿನಚರಿಯೇ ಅಲ್ಲಿರುತ್ತದೆ. ಯಾರು ಎಷ್ಟು ಹೊತ್ತಿಗೆ ಎದ್ದರು, ಯಾರಿಗೆ ಸಾಲದ ಯೋಚನೆ, ಯಾರು ಕೆಲಸ ಹುಡುಕುತ್ತಿದ್ದಾರೆ, ಎಲ್ಲ.

2 ಜಿಬಿಯ ರಾಸ್ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ಮನೆಯಲ್ಲೇ ಬಿದ್ದಿತ್ತು. ಪದೇಪದೇ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಬಾಳಿಕೆ ಬರುವುದಿಲ್ಲ, ಹಾಗಾಗಿ ಹಳೆಯ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಹಾಕಿದೆ. ಮೇಲೆ ಪೈ-ಹೋಲ್ ಅನ್ನುವ ತಂತ್ರಾಂಶ. ಜಾಹೀರಾತಿನ ಮತ್ತು ಬೆನ್ನು ಹತ್ತುವ ಕಂಪನಿಗಳ ಹೆಸರು ಯಾರಾದರೂ ಕೇಳಿದರೆ ಅದು ಎಲ್ಲಿಗೂ ಹೋಗದ 0.0.0.0 ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ರೌಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಇದೆ, ಮನೆಯ ಎಲ್ಲ ಸಾಧನಗಳಿಗೂ ಈ ಪೆಟ್ಟಿಗೆಯ ವಿಳಾಸ ಹೋಗುವಂತೆ ಬದಲಾಯಿಸಿದೆ.

ಮಗಳಿಗೆ ಸ್ವಲ್ಪ ಬೇಜಾರಾಯಿತು. ಯೂಟ್ಯೂಬ್ ಜಾಹೀರಾತು ಹೋಗಲೇ ಇಲ್ಲ ಅಂತ. ವಿಡಿಯೊ ಬರುವ ಹೆಸರಿನಿಂದಲೇ ಜಾಹೀರಾತೂ ಬರುತ್ತದೆ. ಹೆಸರು ನೋಡಿ ತಡೆಯುವ ಈ ಪೆಟ್ಟಿಗೆಗೆ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ ಅಂತ ತಿಳಿಸಿ ಹೇಳಿದೆ.

ಸೆಪ್ಟೆಂಬರ್

ಟಿವಿ ನನ್ನ ಪೆಟ್ಟಿಗೆಯನ್ನು ಕೇಳಲೇ ಇಲ್ಲ. ಯಾರು ಯಾವ ಹೆಸರು ಕೇಳಿದರು ಅಂತ ಪೆಟ್ಟಿಗೆ ಬರೆದಿಡುವ ಲಾಗ್‌ನಲ್ಲಿ ಅದರ ಹೆಸರೇ ಇಲ್ಲ. ರೌಟರ್‌ನಲ್ಲಿ ಪ್ಯಾಕೆಟ್ ಹಿಡಿದು ನೋಡಿದಾಗ ಗೊತ್ತಾಯಿತು, ಅದು ನೇರವಾಗಿ ಗೂಗಲ್‌ನ ಡಿಎನ್‌ಎಸ್ ಸರ್ವರ್ 8.8.8.8 ಅನ್ನು ಕೇಳುತ್ತಿತ್ತು. ನಾವು ಕೊಟ್ಟ ವಿಳಾಸ ಬಿಟ್ಟು ತನ್ನೊಳಗೆ ಬರೆದಿಟ್ಟದ್ದನ್ನೇ ಬಳಸುತ್ತಿತ್ತು. ಮನೆಯಿಂದ ಹೊರಗೆ ಹೋಗುವ 53ನೇ ಪೋರ್ಟ್‌ನ ಪ್ರಶ್ನೆಗಳನ್ನೆಲ್ಲ ಪೆಟ್ಟಿಗೆಗೇ ತಿರುಗಿಸುವ ನಿಯಮ ರೌಟರ್‌ಗೆ ಹಾಕಿದೆ. ಆಮೇಲೆ ಟಿವಿಯ ಸಾಲುಗಳು ಲಾಗ್‌ಗೆ ಬರತೊಡಗಿದವು. ರಾತ್ರಿ ಎಲ್ಲರೂ ಮಲಗಿದ ಮೇಲೂ ಅದು ಯಾರನ್ನೋ ಕೇಳುತ್ತಲೇ ಇತ್ತು. ಅದನ್ನು ನೋಡಿ ನಿಜಕ್ಕೂ ಸಿಟ್ಟು ಬಂತು. ದುಡ್ಡು ಕೊಟ್ಟು ತಂದ ವಸ್ತು ನಮ್ಮ ಮನೆಯಲ್ಲಿ ಕೂತು ನಮ್ಮ ಸುದ್ದಿ ಹೊರಗೆ ಹೇಳಬಾರದು, ಅಲ್ವಾ?

ಇದೇನು ಪೂರ್ತಿ ಪರಿಹಾರ ಅಲ್ಲ. ಪ್ರಶ್ನೆಯನ್ನು ಮಾಮೂಲಿ ಪುಟಗಳು ಹೋಗುವ 443ನೇ ಪೋರ್ಟ್‌ನಲ್ಲಿ ಬೀಗ ಹಾಕಿ ಕಳಿಸುವ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ 2018ರಲ್ಲೇ ಬಂದಿದೆ. ನಾಳೆ ಟಿವಿ ಅದನ್ನು ಬಳಸಿದರೆ ಯಾವುದು ಡಿಎನ್‌ಎಸ್, ಯಾವುದು ಮಾಮೂಲಿ ಪುಟ ಅಂತ ರೌಟರ್‌ಗೆ ಗೊತ್ತಾಗುವುದು ಕಷ್ಟ. ನಮ್ಮ ಗುಟ್ಟು ಕಾಯಲು ಹುಟ್ಟಿದ ಬೀಗವೇ ನಮ್ಮ ವಸ್ತುವಿನ ಗುಟ್ಟನ್ನು ನಮ್ಮಿಂದ ಕಾಯುತ್ತದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಅದೇ ತಿಂಗಳು ಅನ್‌ಬೌಂಡ್ ಅನ್ನುವ, ವಿಳಾಸ ಹುಡುಕುವ ತಂತ್ರಾಂಶ ಹಾಕಿದೆ. ಈಗ ಪೆಟ್ಟಿಗೆ ಬೇರೆ ಯಾರ ಮಧ್ಯಸ್ಥಿಕೆಯೂ ಇಲ್ಲದೆ ಇಡೀ ಡಿಎನ್‌ಎಸ್‌ನ ಬುಡದಲ್ಲಿರುವ, ಎ ಇಂದ ಎಂ ತನಕದ 13 ಹೆಸರಿನ ರೂಟ್ ಸರ್ವರ್‌ಗಳಿಂದ ಶುರು ಮಾಡಿ ತಾನೇ ವಿಳಾಸ ಹುಡುಕುತ್ತದೆ. ರೂಟ್ ಸರ್ವರ್‌ಗೆ ಪೂರ್ತಿ ಹೆಸರು ಹೇಳುವುದೂ ಇಲ್ಲ. '.ಇನ್ ಯಾರ ಹತ್ತಿರ ಇದೆ' ಅಂತ ಮಾತ್ರ ಕೇಳುತ್ತದೆ. ಎಷ್ಟು ಬೇಕೋ ಅಷ್ಟೇ ಹೇಳುವ ಈ ನಡತೆ ನನಗೆ ತುಂಬಾ ಇಷ್ಟ. ಆದರೆ ಈ ಪ್ರಶ್ನೆಗಳು ಇನ್ನೂ ತೆರೆದ ಕಾರ್ಡುಗಳೇ. ಇಂಟರ್ನೆಟ್ ಕೊಡುವವರು ಬೇಕೆಂದರೆ ಓದಬಹುದು. ಎಲ್ಲವನ್ನೂ ಬೀಗ ಹಾಕಿ ಒಂದೇ ದೊಡ್ಡ ಕಂಪನಿಗೆ ಕಳಿಸಿದರೆ ದಾರಿಯವರಿಗೆ ಕಾಣುವುದಿಲ್ಲ, ಆದರೆ ಆ ಒಬ್ಬರಿಗೆ ಎಲ್ಲವೂ ಕಾಣುತ್ತದೆ. ಎರಡು ವಾರ ಯೋಚಿಸಿ ಅನ್‌ಬೌಂಡ್‌ನಲ್ಲೇ ಉಳಿದೆ. ಇಡೀ ಮನೆಯ ಪಟ್ಟಿ ಒಂದೇ ಕೈಗೆ ಹೋಗುವುದು ನನಗೆ ಸರಿ ಅನ್ನಿಸಲಿಲ್ಲ.

ದೀಪಾವಳಿ ಆದ ಮೇಲೆ

ಹಬ್ಬಕ್ಕೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮ ಊರಿಗೆ ಹೋಗಿದ್ದೆವು. ಒಂಬತ್ತು ದಿನ. ಹೋಗುವಾಗ ಮೇನ್ ಸ್ವಿಚ್ ಆರಿಸಿದ್ದೆ. ರಾತ್ರಿ ವಾಪಸ್ ಬಂದು ಎಲ್ಲ ಆನ್ ಮಾಡಿದರೆ ಇಂಟರ್ನೆಟ್ ಇಲ್ಲ. ರೌಟರ್ ದೀಪ ಸರಿಯಾಗಿದೆ, ಹೊರಗಿನ 1.1.1.1 ಸರ್ವರ್‌ಗೆ ಪಿಂಗ್ ಹೋಗುತ್ತಿದೆ, ಅಂದರೆ ಸಂಪರ್ಕ ಇದೆ, ಆದರೆ ಯಾವ ಹೆಸರು ಕೇಳಿದರೂ ಸರ್ವ್‌ಫೇಲ್, ಅಂದರೆ ಉತ್ತರ ಕೊಡಲು ಆಗಲಿಲ್ಲ ಅನ್ನುವ ದೋಷ.

ಉತ್ತರ ಅಸಲಿಯೇ ಅಂತ ಅದರ ಡಿಜಿಟಲ್ ಸಹಿ ನೋಡುವ ಡಿಎನ್‌ಎಸ್‌ಸೆಕ್ ಪರೀಕ್ಷೆ ಬಿಟ್ಟು ಕೇಳಿದೆ. ತಕ್ಷಣ ಉತ್ತರ ಬಂತು. ಅಂದರೆ ದಾರಿ ಸರಿ ಇದೆ, ಸಹಿ ನೋಡುವಲ್ಲಿ ತೊಂದರೆ. ಆಮೇಲೆ ಡೇಟ್ ಅಂತ ಟೈಪ್ ಮಾಡಿದೆ. ಪೆಟ್ಟಿಗೆಯ ಲೆಕ್ಕದಲ್ಲಿ ನಾವಿನ್ನೂ ಊರಿಗೆ ಹೊರಟೇ ಇರಲಿಲ್ಲ.

ರಾಸ್ಬೆರಿ ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಆರಿಸಿದಾಗ ಎಷ್ಟು ಗಂಟೆಯಾಗಿತ್ತೋ ಹೆಚ್ಚುಕಡಿಮೆ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಅರ್ಧ ಗಂಟೆ ಕರೆಂಟ್ ಹೋದರೆ ಏನೂ ಆಗುವುದಿಲ್ಲ. ಆದರೆ ರೂಟ್‌ನಲ್ಲಿರುವ ಸಹಿಗಳ ಆಯಸ್ಸು ಹೆಚ್ಚುಕಡಿಮೆ ಎರಡು ವಾರ, ಹೊಸ ಸಹಿ ದಿನವೂ ಬೀಳುತ್ತದೆ. ಒಂಬತ್ತು ದಿನ ಹಿಂದೆ ನಿಂತ ಗಡಿಯಾರಕ್ಕೆ ಇವತ್ತಿನ ಸಹಿ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಎಲ್ಲವನ್ನೂ ಸುಳ್ಳು ಅಂತ ತಳ್ಳಿಹಾಕುತ್ತಿತ್ತು. ಇಂಟರ್ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಇಂದ ಗಡಿಯಾರ ತಿದ್ದಿಕೊಳ್ಳಬೇಕಲ್ಲ? ಅದಕ್ಕೆ ಎನ್‌ಟಿಪಿ ಸರ್ವರ್‌ನ ವಿಳಾಸ ಬೇಕು. ವಿಳಾಸಕ್ಕೆ ಡಿಎನ್‌ಎಸ್ ಬೇಕು. ಡಿಎನ್‌ಎಸ್‌ಗೆ ಸರಿಯಾದ ಸಮಯ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ.

ಆ ರಾತ್ರಿ ಕೈಯಾರೆ ದಿನಾಂಕ ಹಾಕಿದೆ, ಎಲ್ಲ ಸರಿಹೋಯಿತು. ಮರುದಿನ ಅನ್‌ಬೌಂಡ್‌ಗೆ ಒಂದು ಸಾಲು ಸೇರಿಸಿದೆ: ಎನ್‌ಟಿಪಿ.ಆರ್ಗ್ ಹೆಸರುಗಳಿಗೆ ಮಾತ್ರ ಸಹಿ ನೋಡಬೇಡ ಅಂತ. ಮುಂದಿನ ವಾರ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಡಿಎಸ್ 3231 ಅನ್ನುವ ಸಣ್ಣ ಗಡಿಯಾರದ ಬೋರ್ಡ್ ತಂದೆ. ನಾಲ್ಕು ವೈರ್, ಒಂದು ಬಟನ್ ಸೆಲ್. ಬೇಕಂತಲೇ ಎರಡು ದಿನ ಪೆಟ್ಟಿಗೆ ಆರಿಸಿಟ್ಟು, ನೆಟ್ ಕೇಬಲ್ ಕಿತ್ತು ಆನ್ ಮಾಡಿ ನೋಡಿದೆ. ಸಮಯ ಸರಿಯಾಗಿತ್ತು.

ನವೆಂಬರ್

ಈ ತಿಂಗಳ ಕೆಲಸವೇ ಮುಖ್ಯವಾದದ್ದು.

ಅಪ್ಪನ ಫೋನ್‌ನಲ್ಲಿ ಒಂದು ಬ್ಯಾಂಕ್ ಆ್ಯಪ್ ತೆರೆಯುತ್ತಿರಲಿಲ್ಲ. ಯಾವ ಹೆಸರು ತಡೆದಿದೆ ಅಂತ ನೋಡಲು ಲಾಗ್‌ನಲ್ಲಿ ಅವರ ಫೋನ್‌ನ ಸಾಲುಗಳನ್ನು ಮಾತ್ರ ತೆರೆದೆ. ಬೇಕಾದ ಸಾಲು ಸಿಕ್ಕಿತು. ಅದರ ಕೆಳಗೆ ಬೇರೆ ಸಾಲುಗಳೂ ಇದ್ದವು. ನಾಲ್ಕು ರಾತ್ರಿ, ಎರಡು ಗಂಟೆಯಿಂದ ಮೂರೂವರೆ ತನಕ, ಅವೇ ಮೂರು ಹೆಸರು. ಒಂದು ಆಸ್ಪತ್ರೆಯದು. ಇನ್ನೊಂದು ಒಂದೇ ಒಂದು ಕಾಯಿಲೆಗಾಗಿ ಇರುವ ಸೈಟಿನದು. ಡಿಎನ್‌ಎಸ್‌ನಲ್ಲಿ ಪುಟ ಕಾಣುವುದಿಲ್ಲ, ಹೆಸರು ಮಾತ್ರ ಕಾಣುತ್ತದೆ. ಹೆಸರೇ ಸಾಕಾಗಿತ್ತು. ಯಾವ ಕಾಯಿಲೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವರ ವಿಷಯ.

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅಪ್ಪನ ಬಗ್ಗೆ ಭಯ ಒಂದು ಕಡೆ. ನಾಲ್ಕು ತಿಂಗಳಿಂದ ಹೊರಗಿನ ಕಣ್ಣುಗಳನ್ನು ಮುಚ್ಚುತ್ತಾ ಬಂದವನು ಮನೆಯೊಳಗೆ ಒಂದು ಕಣ್ಣು ಇಟ್ಟಿದ್ದೇನೆ ಅನ್ನುವುದು ಇನ್ನೊಂದು ಕಡೆ. ಲಾಗ್ ಇಡುವುದು ನನಗೆ ಆಫೀಸಿನ ಅಭ್ಯಾಸ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಸಂಸ್ಥೆಗಳು 180 ದಿನದ ಲಾಗ್ ಇಡಬೇಕು. ಅಲ್ಲಿ ಅದಕ್ಕೆ ಕಾರಣ ಇದೆ, ಯಾರು ನೋಡಬಹುದು ಅನ್ನುವ ಕಟ್ಟುಪಾಡೂ ಇದೆ. ಮನೆಯಲ್ಲಿ ಯಾರನ್ನೂ ಕೇಳದೆ ಅದೇ ಮಾಡಿದ್ದೆ. ಹೆಂಡತಿಯದು, ಮಗಳದು, ಬಂದುಹೋದ ನೆಂಟರದು, ಎಲ್ಲರದೂ ಅದರಲ್ಲಿತ್ತು.

ನೋಡಿಯೂ ನೋಡದ ಹಾಗೆ ಇರಲು ಆಗಲಿಲ್ಲ. ಸಂಜೆ ವಾಕಿಂಗ್‌ಗೆ ಹೋದಾಗ ಹೇಳಿದೆ. "ಅಪ್ಪ, ಬ್ಯಾಂಕಿನ ಆ್ಯಪ್ ಸರಿ ಮಾಡೋವಾಗ ನೀವು ರಾತ್ರಿ ಏನು ಹುಡುಕಿದ್ರಿ ಅನ್ನೋದು ಕಣ್ಣಿಗೆ ಬಿತ್ತು. ನಾನು ನೋಡಬಾರದಿತ್ತು."

ಅವರು ಸ್ವಲ್ಪ ದೂರ ಮಾತಾಡದೆ ನಡೆದರು. ಆಮೇಲೆ, "ನಿಮ್ಮಮ್ಮಂಗೆ ಗೊತ್ತಾಗೋದು ಬೇಡ ಅಂತ ರಾತ್ರಿ ನೋಡ್ತಿದ್ದೆ. ರಿಪೋರ್ಟ್ ಬಂದ್ಮೇಲೆ ನಾನೇ ಹೇಳ್ತಿದ್ದೆ" ಅಂದರು. ಇನ್ನೂ ಒಂದಷ್ಟು ನಡೆದ ಮೇಲೆ ಕೇಳಿದರು, "ಎಲ್ಲರದೂ ಕಾಣುತ್ತಾ?"

ಕಾಣುತ್ತೆ ಅಂದೆ.

ರಿಪೋರ್ಟ್ ಬಂತು. ಹೆದರುವಂಥದ್ದು ಏನೂ ಇರಲಿಲ್ಲ. ಅಮ್ಮನಿಗೆ ಅವರೇ ಹೇಳಿದರು.

ಆ ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಪೆಟ್ಟಿಗೆಯ ಪುಟ ತೋರಿಸಿದೆ. ಇದು ಏನು ಬರೆದಿಡುತ್ತದೆ, ಎಷ್ಟು ದಿನ ಇಡುತ್ತದೆ, ನಾನು ಏನನ್ನು ನೋಡಬಹುದು, ಎಲ್ಲ ಹೇಳಿದೆ. ಮಗಳು ಏನೂ ಹೇಳಲಿಲ್ಲ, ಆದರೆ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಪೈ-ಹೋಲ್‌ನಲ್ಲಿ ಗುಟ್ಟಿನ ಮಟ್ಟ ಸೊನ್ನೆಯಿಂದ ಮೂರರ ತನಕ ಇದೆ. ಸೊನ್ನೆಯಲ್ಲಿ ಎಲ್ಲವೂ ಕಾಣುತ್ತದೆ. ಮೂರರಲ್ಲಿ ಯಾರು ಕೇಳಿದರು, ಏನು ಕೇಳಿದರು ಎರಡೂ ಉಳಿಯುವುದಿಲ್ಲ. ಒಟ್ಟು ಎಷ್ಟು ಪ್ರಶ್ನೆ ಬಂತು, ಎಷ್ಟನ್ನು ತಡೆಯಿತು ಅನ್ನುವ ಎಣಿಕೆ ಮಾತ್ರ. ಎಲ್ಲರ ಎದುರಿಗೆ ಮೂರಕ್ಕೆ ಇಟ್ಟೆ. ಹಳೆಯ ಡೇಟಾಬೇಸ್ ಅಳಿಸಿದೆ. ನನ್ನ ಲ್ಯಾಪ್‌ಟಾಪ್‌ಗೆ ಬ್ಯಾಕಪ್ ಹೋಗಿತ್ತು, ಅದನ್ನೂ ತೆಗೆದೆ.

ಇದರಿಂದ ಕೆಲಸ ಸ್ವಲ್ಪ ಕಷ್ಟವಾಗಿದೆ. ಯಾವುದಾದರೂ ಆ್ಯಪ್ ತೆರೆಯದಿದ್ದರೆ ಲಾಗ್ ತಿರುಗಿಸಿ ನೋಡಲು ಆಗುವುದಿಲ್ಲ. ಈಗ ನಾವು ಮಾಡಿಕೊಂಡ ಪದ್ಧತಿ ಇದು: ಯಾರಿಗೆ ತೊಂದರೆಯೋ ಅವರು ನನ್ನ ಪಕ್ಕದಲ್ಲಿ ಕೂರುತ್ತಾರೆ. ಹತ್ತು ನಿಮಿಷ ಮಟ್ಟ ಇಳಿಸುತ್ತೇನೆ. ಅವರೇ ಆ್ಯಪ್ ತೆರೆಯುತ್ತಾರೆ. ತಡೆದ ಹೆಸರು ಸಿಕ್ಕ ಕೂಡಲೇ ಮಟ್ಟ ಮತ್ತೆ ಮೂರಕ್ಕೆ. ಆ ಹತ್ತು ನಿಮಿಷದ ಸಾಲುಗಳನ್ನು ಅವರ ಎದುರಿಗೇ ಅಳಿಸುತ್ತೇನೆ. ಈವರೆಗೆ ಎರಡು ಸಲ ಮಾಡಿದ್ದೇವೆ. ಎರಡನೇ ಸಲ ಅಮ್ಮನ ಫೋನ್.

ಬಾಕಿ ಇರುವುದು ಒಂದು ಕೆಲಸ. ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬೀಗ ಹಾಕಿದ ದಾರಿಯಲ್ಲಿ ಬರಲು ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಬೇಕು. ನಮ್ಮ ರೌಟರ್‌ಗೆ ಸಿಕ್ಕಿರುವ ವಿಳಾಸ 100.64ರ ಸಾಲಿನದು. ಅಂದರೆ ಒಂದೇ ಹೊರಗಿನ ವಿಳಾಸವನ್ನು ತುಂಬಾ ಮನೆಗಳು ಹಂಚಿಕೊಂಡಿವೆ, ಹೊರಗಿನಿಂದ ನೇರ ಬಾಗಿಲಿಲ್ಲ. ಹೊಸ ಬಗೆಯ ವಿಳಾಸವಾದ ಐಪಿವಿ6 ಮೂಲಕ ಪ್ರಯತ್ನ ಮಾಡುತ್ತಿದ್ದೇನೆ. ಮೊಬೈಲ್‌ನಿಂದ ಒಮ್ಮೆ ಸಿಕ್ಕಿತು, ಆಫೀಸಿನಿಂದ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಕೂರಬೇಕು.