ಪೆಡಲ್ ಆಮೇಲೆ, ವಾಲ್ಯೂಮ್ ನಾಬ್ ಮೊದಲು

ಹಳೆಯ ಬ್ಲೂಸ್ ಟೋನ್ ಬೇಕು ಅನ್ನುವವರು ನನ್ನ ಹತ್ತಿರ ಮೊದಲು ಕೇಳುವುದು ಯಾವ ಪೆಡಲ್ (ಗಿಟಾರ್ ಸದ್ದು ಬದಲಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ತಗೊಳ್ಳಲಿ ಅಂತ. ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಗಿಟಾರ್‌ನ ವಾಲ್ಯೂಮ್ ನಾಬ್ ಯಾವಾಗಲೂ ಹತ್ತರಲ್ಲೇ, ಅಂದರೆ ಪೂರ್ತಿ ಏರಿಸಿಯೇ ಇರುತ್ತಾ?

ನಮಗೆ ಇಷ್ಟವಾದ ಆ ಸದ್ದು ಹುಟ್ಟಿದ್ದು, ಸದ್ದನ್ನು ಒಡೆಸಿ ಒರಟು ಮಾಡುವ ಓವರ್‌ಡ್ರೈವ್ ಪೆಡಲ್‌ಗಳು ಬರುವುದಕ್ಕೆ ಎಷ್ಟೋ ಮುಂಚೆ. 1950ರ ದಶಕದ ಶಿಕಾಗೊದಲ್ಲಿ ಬ್ಲೂಸ್ ಗಾಯಕರಾದ ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಅವರ ಬ್ಯಾಂಡ್‌ಗಳು ನುಡಿಸುತ್ತಿದ್ದದ್ದು ಗದ್ದಲದ ಕ್ಲಬ್‌ಗಳಲ್ಲಿ. ಆಂಪ್‌ಗಳು (ಗಿಟಾರ್ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್‌ಗಳು) ಚಿಕ್ಕವು. ಜನರ ಮಾತು, ಡ್ರಮ್ಸ್ ಎಲ್ಲ ದಾಟಿ ಗಿಟಾರ್ ಕೇಳಬೇಕಾದರೆ ಆಂಪ್ ಏರಿಸಲೇಬೇಕು. ಏರಿಸಿದಾಗ ಒಳಗಿನ ಟ್ಯೂಬ್‌ಗಳು (ಸಂಕೇತವನ್ನು ವರ್ಧಿಸುವ ನಿರ್ವಾತ ನಳಿಕೆಗಳು) ತಮ್ಮ ಮಿತಿ ಮುಟ್ಟುತ್ತವೆ, ಸದ್ದಿನ ಅಲೆಯ ತುದಿ ಅದುಮಿಕೊಳ್ಳುತ್ತದೆ. ಸ್ಪೀಕರ್‌ನ ದನಿ ಕೂಡ ಸ್ವಲ್ಪ ಒಡೆದು ಒರಟಾಗುತ್ತದೆ. ಮೆಲ್ಲಗೆ ಮೀಟಿದರೆ ತಿಳಿ, ಜೋರಾಗಿ ಮೀಟಿದರೆ ಒರಟು. ನನ್ನ ಪಾಲಿಗೆ ವಿಂಟೇಜ್ ಟೋನ್ ಅಂದರೆ ಇಷ್ಟೇ. ಸದ್ದು ಎಷ್ಟು ಒಡೆಯಬೇಕು ಅನ್ನುವುದನ್ನು ಕಾಲಿನ ಕೆಳಗಿನ ಸ್ವಿಚ್ ಅಲ್ಲ, ಕೈ ತೀರ್ಮಾನಿಸಬೇಕು.

ಅದಕ್ಕೇ ಗಿಟಾರ್ ಆರಿಸುವಾಗ ನಾನು ಮೊದಲು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ನೋಡುತ್ತೇನೆ. ನನ್ನ ಮನಸ್ಸು ಕದ್ದದ್ದು ಪಿ-90. ಗಿಟಾರ್ ಕಂಪನಿ ಗಿಬ್ಸನ್ ಇದನ್ನು ತಂದದ್ದು 1946ರಲ್ಲಿ. ಒಂದೇ ಕಾಯಿಲ್, ಆದರೆ ಅಗಲವಾಗಿ ಸುತ್ತಿದ್ದು. ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್ ಗಿಟಾರ್) ಪಿಕಪ್‌ಗಿಂತ ದಪ್ಪ ದನಿ, ಎರಡು ಕಾಯಿಲ್‌ನ ಹಂಬಕರ್‌ಗಿಂತ ಚುರುಕು. ಮೀಟಿದ ಕ್ಷಣದ ಆ ಏಟು ಇದರಲ್ಲಿ ಕೇಳಿಸುವಷ್ಟು ಬೇರೆಯದರಲ್ಲಿ ನನಗೆ ಕೇಳಿಸಿಲ್ಲ. ಬ್ಲೂಸ್ ಗಿಟಾರ್ ವಾದಕ ಫ್ರೆಡ್ಡಿ ಕಿಂಗ್ ಮೊದಮೊದಲು ನುಡಿಸುತ್ತಿದ್ದ ಗಿಬ್ಸನ್ ಗೋಲ್ಡ್‌ಟಾಪ್ ಲೆಸ್ ಪಾಲ್‌ನಲ್ಲಿ ಇದ್ದದ್ದೂ ಇವೇ. ಗುಂಯ್ ಅನ್ನುವ ಹಮ್ ಇದೆ, ಹೌದು. ಕಂಪ್ಯೂಟರ್ ಪಕ್ಕ ಕೂತರೆ ಇನ್ನೂ ಜಾಸ್ತಿ. ಕೂತಲ್ಲೇ ಸ್ವಲ್ಪ ತಿರುಗಿದರೆ ತಗ್ಗುತ್ತದೆ, ನನಗೆ ಅಷ್ಟು ಸಾಕು.

ನನ್ನ ಗಿಟಾರ್‌ನಲ್ಲಿ ಎರಡು ಪಿ-90 ಇವೆ. ಎರಡೂ ಕೆಲಸ ಮಾಡುವಂತೆ ಪಿಕಪ್ ಸ್ವಿಚ್ ನಡುವೆ ಇಟ್ಟು, ನೆಕ್ (ಗಿಟಾರ್ ಕತ್ತಿನ ಕಡೆಯ) ಪಿಕಪ್‌ನ ವಾಲ್ಯೂಮ್ ಏಳಕ್ಕೆ, ಬ್ರಿಜ್ (ತಂತಿಯ ಬುಡದ ಕಡೆಯ) ಪಿಕಪ್‌ನದ್ದು ಒಂಬತ್ತಕ್ಕೆ ಇಡುತ್ತೇನೆ. ಹಾಡಿನ ಹಿಂದೆ ನುಡಿಸಲು ಇದೇ ಸೆಟ್ಟಿಂಗ್. ಸೋಲೊ ಬಂದಾಗ ಕಿರುಬೆರಳಿನಿಂದ ನಾಬ್ ಮೇಲಕ್ಕೆ. ಆಂಪ್ ಮುಟ್ಟುವುದೇ ಇಲ್ಲ. ವಾಲ್ಯೂಮ್ ಇಳಿಸಿದರೆ ದನಿ ಮಬ್ಬಾಗುತ್ತದೆ ಅನ್ನುವವರು ಒಳಗಿನ ವೈರಿಂಗ್ ಒಮ್ಮೆ ನೋಡಿ. 1950ರ ದಶಕದ ಗಿಬ್ಸನ್‌ಗಳಲ್ಲಿ ಟೋನ್ ಕಂಟ್ರೋಲ್ ಸೇರುತ್ತಿದ್ದದ್ದು ವಾಲ್ಯೂಮ್ ಪಾಟ್‌ನ (ನಾಬ್ ಕೆಳಗಿನ ಬಿಡಿಭಾಗದ) ಔಟ್‌ಪುಟ್ ಕಾಲಿಗೆ, ಪಿಕಪ್ ಬರುವ ಕಾಲಿಗಲ್ಲ. ಒಂದು ಬೆಸುಗೆ ಬಿಚ್ಚಿ ಪಕ್ಕದ ಕಾಲಿಗೆ ಹಾಕುವ ಕೆಲಸ. ನಾಬ್ ಐದಕ್ಕೆ ಇಳಿದರೂ ಹೊಳಪು ಉಳಿಯುತ್ತದೆ. ಎಷ್ಟೋ ಪೆಡಲ್ ಕೊಡದ ಬದಲಾವಣೆ ಇದು, ಸುಮ್ನೆ ಹೇಳುತ್ತಿಲ್ಲ.

ಬೇರೆ ಗಿಟಾರ್ ಆಗಲ್ವಾ ಅಂದರೆ, ಖಂಡಿತ ಆಗುತ್ತದೆ. ಮಡ್ಡಿ ವಾಟರ್ಸ್ ಕೈಯಲ್ಲಿ ಟೆಲಿಕಾಸ್ಟರ್, ಬಡ್ಡಿ ಗೈ ಕೈಯಲ್ಲಿ ಸ್ಟ್ರ್ಯಾಟ್. ಬಿ.ಬಿ. ಕಿಂಗ್ ಅವರ ದುಂಡಗಿನ, ಹಾಡುವಂಥ ದನಿ ಬೇಕಿದ್ದರೆ ಗಿಬ್ಸನ್ ಇಎಸ್-335 ಬಗೆಯದು ನೋಡಿ. ಅದು ಬಂದದ್ದು 1958ರಲ್ಲಿ. ಪಕ್ಕಗಳು ಟೊಳ್ಳು, ನಡುವೆ ಗಟ್ಟಿ ಮರ. ಆ ಮರ ಇರುವುದರಿಂದಲೇ ಆಂಪ್ ಏರಿಸಿದಾಗ ಪೂರ್ತಿ ಟೊಳ್ಳು ಗಿಟಾರ್‌ನಷ್ಟು ಫೀಡ್‌ಬ್ಯಾಕ್ (ಆಂಪ್ ಸದ್ದು ಗಿಟಾರ್‌ಗೆ ಮರಳಿ ಕೂಗುವುದು) ಮಾಡುವುದಿಲ್ಲ. ತಂತಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ (ಅತಿ ತೆಳ್ಳನೆಯ ತಂತಿಯೇ ಇಂಚಿನ ಸಾವಿರದ 13 ಭಾಗ) ದಪ್ಪ ತಂತಿ ಹಾಕಿ, ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು. ಝೀಝೀ ಟಾಪ್ ಬ್ಯಾಂಡ್‌ನ ಬಿಲ್ಲಿ ಗಿಬ್ಬನ್ಸ್ ಹಾಕುವುದು 7ರ ತೆಳ್ಳನೆಯದು. ಇಬ್ಬರ ಟೋನ್ ಬಗ್ಗೆಯೂ ಯಾರೂ ದೂರು ಹೇಳಿಲ್ಲ.

ಈಗ ಪೆಡಲ್‌ಗೆ ಬರೋಣ. ಮನೆಯಲ್ಲಿ ಟ್ಯೂಬ್ ಆಂಪ್ ಪೂರ್ತಿ ಏರಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಒಂದು ಓವರ್‌ಡ್ರೈವ್ ಬೇಕು. ಐಬನೇಜ್ ಟ್ಯೂಬ್ ಸ್ಕ್ರೀಮರ್ ಎಲ್ಲರ ಬಾಯಲ್ಲೂ ಇದೆ, ಸ್ಟೀವಿ ರೇ ವಾನ್ ಬಳಸಿದ್ದೇ ಅದಕ್ಕೆ ಮುಖ್ಯ ಕಾರಣ. ಅದು ಬೇಸ್ ಕತ್ತರಿಸಿ, ಸುಮಾರು 720 ಹರ್ಟ್ಸ್ ಸುತ್ತಲಿನ ಮಿಡ್ (ನಡುವಣ ಶ್ರುತಿಯ ದನಿ) ಎತ್ತಿ ಹಿಡಿಯುತ್ತದೆ. ಫೆಂಡರ್ ಬಗೆಯ ಆಂಪ್‌ಗಳಲ್ಲಿ ಮಿಡ್ ಕಡಿಮೆ. ಎರಡೂ ಸೇರಿದಾಗ ಸದ್ದು ತುಂಬಿಕೊಳ್ಳುತ್ತದೆ. ಡ್ರೈವ್ ನಾಬ್ ಹೆಚ್ಚುಕಡಿಮೆ ಸೊನ್ನೆಗೆ, ಲೆವೆಲ್ ಮುಕ್ಕಾಲಿಗೆ ಇಡಿ. ಆಗ ಒಡೆಯುವುದು ಆಂಪ್, ಪೆಡಲ್ ಅದನ್ನು ಬರೀ ತಳ್ಳುತ್ತದೆ. ಡ್ರೈವ್ ಏರಿಸಿದರೆ ಮೂಗಿನಲ್ಲಿ ಹಾಡಿದ ಹಾಗಾಗುತ್ತದೆ. ನಿಮ್ಮ ಆಂಪ್‌ನಲ್ಲಿ ಮೊದಲೇ ಮಿಡ್ ಜಾಸ್ತಿ ಇದ್ದರೆ ಇದು ಬೇಡ, ಮೇಲಿನ ಶ್ರುತಿಯ ದನಿಯನ್ನು ಎತ್ತಿ ಹಿಡಿಯುವ ಟ್ರೆಬಲ್ ಬೂಸ್ಟರ್ ನೋಡಿ. 1960ರ ದಶಕದ ಡಲ್ಲಾಸ್ ರೇಂಜ್‌ಮಾಸ್ಟರ್ ಒಳಗಿದ್ದದ್ದು ಒಂದೇ ಒಂದು ಜರ್ಮೇನಿಯಮ್ ಟ್ರಾನ್ಸಿಸ್ಟರ್. ಮಬ್ಬಾದ ಆಂಪ್ ಎದ್ದು ಮಾತಾಡುವಂತೆ ಮಾಡಲು ಅಷ್ಟು ಸಾಕು.

ರಿವರ್ಬ್ (ಮಾರ್ದನಿ) ಸ್ಪ್ರಿಂಗ್ ಬಗೆಯದು, ಸ್ವಲ್ಪವೇ ಇರಲಿ. ಸದ್ದು ಅಲೆಯಾಡಿಸುವ ಕೋರಸ್, ಫ್ಲ್ಯಾಂಜರ್ ಈ ದನಿಗೆ ಬೇಕಿಲ್ಲ.

ಸದ್ದನ್ನು ಇನ್ನೂ ಜಾಸ್ತಿ ಒಡೆಸುವ ಫಝ್ ಪೆಡಲ್ ಬಗ್ಗೆ ಕೇಳುವವರೂ ಇದ್ದಾರೆ. 1966ರ ಫಝ್ ಫೇಸ್ ಮಾದರಿಯ ಜರ್ಮೇನಿಯಮ್ ಫಝ್ ನನಗೆ ತುಂಬಾ ಇಷ್ಟ. ಗಿಟಾರ್ ವಾಲ್ಯೂಮ್ ಇಳಿಸಿದರೆ ಅದು ಓವರ್‌ಡ್ರೈವ್‌ಗಿಂತ ತಿಳಿಯಾಗಿ, ಗಾಜಿನ ಹೊಳಪಿನಲ್ಲಿ ಕೇಳುತ್ತದೆ. ಆದರೆ ಸೆಕೆ ಹೆಚ್ಚಾದ ದಿನ ಅದರ ದನಿ ಬದಲಾಗುತ್ತದೆ, ಜರ್ಮೇನಿಯಮ್ ಗುಣವೇ ಅದು. ಇನ್ನೊಂದು, ಅದನ್ನು ಗಿಟಾರ್ ಆದ ಕೂಡಲೇ ಸಾಲಿನಲ್ಲಿ ಮೊದಲು ಇಡಿ. ಪಿಕಪ್‌ಗೂ ಅದಕ್ಕೂ ನೇರ ಸಂಬಂಧ ಇರಬೇಕು. ನಡುವೆ ಬಫರ್ (ಗಿಟಾರ್ ಸಂಕೇತವನ್ನು ಬಲಪಡಿಸಿ ಮುಂದೆ ಕಳಿಸುವ ಸರ್ಕ್ಯೂಟ್) ಇರುವ ಪೆಡಲ್ ಬಂದರೆ, ಅದು ಟ್ಯೂನರ್ ಆದರೂ ಸರಿ, ನಾಬ್ ಎಷ್ಟು ಇಳಿಸಿದರೂ ಆ ತಿಳಿ ದನಿ ಸಿಗುವುದಿಲ್ಲ. ಟ್ಯೂನರ್ ಅನ್ನು ಫಝ್ ಆದ ಮೇಲೆ ಹಾಕಿಕೊಳ್ಳಿ.