ಮೆಕ್ಸಿಕೋ ಪೇರೋಲ್ ಮಾಡುವವರಿಗೆ ‘ಕಿನ್ಸೆ’ ಯಾಕೆ ಗೊತ್ತಿರಬೇಕು

ಬೆಂಗಳೂರಲ್ಲಿ ಕೂತು ಮೆಕ್ಸಿಕೋದ ನೌಕರರ ಸಂಬಳ ಮಾಡೋದು ನಮ್ಮ ತಂಡದ ಕೆಲಸ. ಹೊಸಬರಿಗೆ ನಾನು ತೆರಿಗೆಗಿಂತ ಮೊದಲು ಹೇಳಿಕೊಡೋದು ‘ಕಿನ್ಸೆ’ಯನ್ನು. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ಹದಿನೈದು. ಆದರೆ ಅಷ್ಟು ತಿಳಿದರೆ ಪೇರೋಲ್‌ಗೆ ಸಾಲದು.

ಅಲ್ಲಿನ ಕಚೇರಿ ನೌಕರರಿಗೆ ಸಾಮಾನ್ಯವಾಗಿ ತಿಂಗಳಿಗೆ ಎರಡು ಸಲ ಸಂಬಳ, 15ನೇ ತಾರೀಕು ಒಮ್ಮೆ, ತಿಂಗಳ ಕೊನೆಗೆ ಇನ್ನೊಮ್ಮೆ. ಆ ಅರ್ಧ ತಿಂಗಳಿಗೂ ಆಗ ಕೈಗೆ ಬರುವ ಹಣಕ್ಕೂ ‘ಕಿನ್ಸೇನಾ’ ಎಂದೇ ಹೆಸರು. ಅಲ್ಲಿನ ಕಾರ್ಮಿಕ ಕಾನೂನಿನ 88ನೇ ವಿಧಿ ಪ್ರಕಾರ ದೈಹಿಕ ದುಡಿಮೆಯವರ ಸಂಬಳದ ಅವಧಿ ಒಂದು ವಾರ ದಾಟುವಂತಿಲ್ಲ, ಉಳಿದವರದು ಹದಿನೈದು ದಿನ ದಾಟುವಂತಿಲ್ಲ.

ಕ್ಯಾಲೆಂಡರ್ ನೋಡಿದರೆ ಜನವರಿಯ ಎರಡನೇ ಕಿನ್ಸೇನಾದಲ್ಲಿ 16 ದಿನ, ಫೆಬ್ರವರಿಯದರಲ್ಲಿ ಬರೀ 13 ಅಥವಾ 14. ಆದರೂ ತಿಂಗಳ ಲೆಕ್ಕದ ನೌಕರರಿಗೆ ಸಾಮಾನ್ಯವಾಗಿ ಎರಡಕ್ಕೂ 15 ದಿನದ ಸಂಬಳವನ್ನೇ ಹಾಕುತ್ತಾರೆ. ತಿಂಗಳ ಸಂಬಳವನ್ನು 30ರಿಂದ ಭಾಗಿಸಿ ದಿನದ ಸಂಬಳ ತೆಗೆಯಬೇಕು ಅಂತ 89ನೇ ವಿಧಿ ಹೇಳುತ್ತದೆ. ಇನ್ನು ಕೆಲವು ಕಂಪನಿಗಳಲ್ಲಿ ‘ಕತೋರ್ಸೇನಾ’ ಇರುತ್ತದೆ, ಹದಿನಾಲ್ಕು ದಿನಕ್ಕೊಂದು ಸಂಬಳ. ಕಿನ್ಸೇನಾದಲ್ಲಿ ವರ್ಷಕ್ಕೆ 24 ಸಂಬಳ, ಕತೋರ್ಸೇನಾದಲ್ಲಿ ಸಾಮಾನ್ಯವಾಗಿ 26. ಹೊಸ ಕ್ಲೈಂಟ್ ಬಂದಾಗ ನಾವು ಮೊದಲು ಕೇಳಿ ಖಚಿತ ಮಾಡಿಕೊಳ್ಳೋದು ಇದನ್ನೇ.

ಸಂಬಳದ ದಿನ ಭಾನುವಾರ ಬಿದ್ದರೆ ಶುಕ್ರವಾರವೇ ಹಣ ಖಾತೆಯಲ್ಲಿರಬೇಕು ಅನ್ನೋದು ಅಲ್ಲಿನವರ ನಿರೀಕ್ಷೆ. ‘ಕಿನ್ಸೇನಾ ಶುಕ್ರವಾರ’ ಅಂದರೆ ಮೆಕ್ಸಿಕೋ ಸಿಟಿಯಲ್ಲಿ ಎಟಿಎಂ ಮುಂದೆ ಸಾಲು, ರಸ್ತೆಯಲ್ಲಿ ವಿಪರೀತ ಟ್ರಾಫಿಕ್. ಅಂಗಡಿಯ ಕಂತು, ಸಾಲದ ಕಂತು ಎಷ್ಟೋ ಮನೆಗಳಲ್ಲಿ ಆ ತಾರೀಕಿಗೇ ಕಟ್ಟಿಕೊಂಡಿರುತ್ತವೆ. ಸೆಪ್ಟೆಂಬರ್‌ನಲ್ಲಂತೂ 15ರ ರಾತ್ರಿ ಸ್ವಾತಂತ್ರ್ಯೋತ್ಸವ, 16 ರಜೆ. ಹಬ್ಬದ ಖರ್ಚಿಗೆ ಕಾಯುತ್ತಿರುವವರಿಗೆ ಒಂದು ದಿನ ತಡವಾದರೂ ನೋವೇ. ಅದಕ್ಕೇ ಆ ವಾರ ನಾನು ಯಾರಿಗೂ ಸಂಬಳದ ಫೈಲ್ ಕೊನೆಗಳಿಗೆಗೆ ಬಿಡಲು ಕೊಡೋದಿಲ್ಲ.

ಮೇಲ್‌ಗಳಲ್ಲೂ ಎಚ್ಚರ ಬೇಕು. ಮಂಗಳವಾರ ಬರೆದವರು ‘ಎನ್ ಕಿನ್ಸೆ ದಿಯಾಸ್’, ಅಂದರೆ ಹದಿನೈದು ದಿನದಲ್ಲಿ, ಕಳಿಸ್ತೀವಿ ಅಂದರೆ ಸಾಮಾನ್ಯವಾಗಿ ಎರಡು ವಾರದ ನಂತರದ ಮಂಗಳವಾರ. ಬರೆದ ದಿನವನ್ನೂ ಸೇರಿಸಿಯೇ ಅವರ ಎಣಿಕೆ, ಎಕ್ಸೆಲ್‌ನಲ್ಲಿ 15 ಕೂಡಿಸಿದರೆ ಬುಧವಾರ ಬರುತ್ತದೆ. ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ, ನಮ್ಮ ಊರುಗಳಲ್ಲೂ ವಾರದ ಸಂತೆಯನ್ನು ‘ಎಂಟು ದಿನಕ್ಕೊಮ್ಮೆ’ ಅನ್ನುತ್ತೇವಲ್ಲ. ಸ್ಪ್ಯಾನಿಷ್‌ನವರೂ ವಾರಕ್ಕೆ ‘ಓಚೊ ದಿಯಾಸ್’, ಎಂಟು ದಿನ, ಅನ್ನುತ್ತಾರೆ. ಆದರೂ ಉತ್ತರ ಬರೆಯುವಾಗ ತಾರೀಕು ಹಾಕಿಯೇ ಕಳಿಸಿ.

ಯಾರಾದರೂ ಮಗಳ ‘ಕಿನ್ಸೆ’ಗೆ ರಜೆಯನ್ನೋ ಮುಂಗಡವನ್ನೋ ಕೇಳಿದರೆ, ಅದು ಹದಿನೈದನೇ ಹುಟ್ಟುಹಬ್ಬ. ಎಷ್ಟೋ ಕುಟುಂಬಗಳು ಮದುವೆಯಷ್ಟೇ ಸಂಭ್ರಮದಿಂದ ಮಾಡುತ್ತವೆ, ಖರ್ಚೂ ಹಾಗೇ.

ವರ್ಷದ ಕೊನೆಯಲ್ಲಿ ‘ಅಗಿನಾಲ್ದೊ’ ಬೋನಸ್ ಬರುತ್ತದೆ. ಡಿಸೆಂಬರ್ 20ಕ್ಕೆ ಮೊದಲು ಕನಿಷ್ಠ 15 ದಿನದ ಸಂಬಳ ಕೊಡಲೇಬೇಕು. ವರ್ಷದ ನಡುವೆ ಸೇರಿದವರಿಗೆ ಕೆಲಸ ಮಾಡಿದಷ್ಟು ಕಾಲದ ಪಾಲು ಸಿಗಬೇಕು, ಕೆಲಸ ಬಿಟ್ಟು ಹೋದವರಿಗೂ ಸಹ. ಹೋದವರ ಪಟ್ಟಿಯನ್ನು ನವೆಂಬರ್‌ನಲ್ಲೇ ತರಿಸಿಕೊಳ್ಳಿ.