ಸೆಟ್‌ಟಾಪ್ ಬಾಕ್ಸ್‌ಗೆ ವೈ-ಫೈ ಡಾಂಗಲ್: ಚಿಪ್ ನೋಡಿ ಆರಿಸುವ ಕೆಲಸದ ದಾಖಲೆ

ಗುರಿ: ಲ್ಯಾನ್ ಕೇಬಲ್ ಎಳೆಯಲಾಗದ ಜಾಗದಲ್ಲಿರುವ ಸೆಟ್‌ಟಾಪ್ ಬಾಕ್ಸ್‌ಗೆ ಯುಎಸ್‌ಬಿ ಡಾಂಗಲ್ ಹಾಕಿ, ಎಚ್‌ಡಿ ವಿಡಿಯೊ ತಡೆತಡೆದು ನಿಲ್ಲದ ಹಾಗೆ ಮಾಡುವುದು.
ಬಾಕ್ಸ್: ಎನಿಗ್ಮಾ2 (ಟಿವಿ ರಿಸೀವರ್‌ಗಳ ತಂತ್ರಾಂಶ) ಓಡುವ ಲಿನಕ್ಸ್ ರಿಸೀವರ್, ಕರ್ನಲ್ (ಲಿನಕ್ಸ್‌ನ ತಿರುಳು) 3.14, ಎರಡು ಯುಎಸ್‌ಬಿ 2.0 ಪೋರ್ಟ್, ಒಂದು ಲ್ಯಾನ್ ಪೋರ್ಟ್.
ಸ್ಥಿತಿ: ಚಿಪ್ ಆಯ್ಕೆ, ವಿದ್ಯುತ್ ಮತ್ತು ಜೋಡಣೆ ಮುಗಿದಿದೆ. ಸ್ಟ್ಯಾಂಡ್‌ಬೈ ನಂತರ ತಾನಾಗಿ ಮರುಜೋಡಣೆ ಆಗುವುದು ಬಾಕಿ.

ಹಂತ 1: ಬಾಕ್ಸ್ ಯಾವ ಜಾತಿಯದು?

ಕಂಪ್ಯೂಟರಿಗಾದರೆ ಡಾಂಗಲ್ ತಂದ ಮೇಲೆ ಡ್ರೈವರ್ ಹುಡುಕಬಹುದು. ಬಾಕ್ಸ್‌ನಲ್ಲಿ ಇದು ತಿರುಗಮುರುಗ. ಡ್ರೈವರ್ ಮೊದಲೇ ಒಳಗೆ ಕುಳಿತಿರುತ್ತದೆ, ಅದಕ್ಕೆ ಹೊಂದುವ ಡಾಂಗಲನ್ನು ನಾವು ಹುಡುಕಬೇಕು. ಹಾಗಾಗಿ ಅಂಗಡಿಯ ಪಟ್ಟಿ ನೋಡುವ ಮುನ್ನ ಬಾಕ್ಸ್ ಎಂಥದ್ದು ಎಂದು ತಿಳಿಯಬೇಕು.

ಲಿನಕ್ಸ್ ಇಲ್ಲದ, ಪುಟ್ಟ ಆಪರೇಟಿಂಗ್ ಸಿಸ್ಟಂ ಮೇಲೆ ಓಡುವ ಅಗ್ಗದ ರಿಸೀವರ್‌ಗಳದು ಒಂದು ಗುಂಪು. ಇವುಗಳ ಫರ್ಮ್‌ವೇರ್‌ನಲ್ಲಿ ಒಂದೆರಡು ಚಿಪ್‌ಗಳಿಗಷ್ಟೇ ಡ್ರೈವರ್ ಇರುತ್ತದೆ. ಸಾಮಾನ್ಯವಾಗಿ ರಾಲಿಂಕ್ ಆರ್‌ಟಿ5370, ಇಲ್ಲವೇ ಮೀಡಿಯಾಟೆಕ್ ಎಂಟಿ7601. ಇವೆರಡನ್ನು ಬಿಟ್ಟು ಎಷ್ಟೇ ದುಬಾರಿ ಡಾಂಗಲ್ ಹಾಕಿದರೂ ಬಾಕ್ಸ್ ಅತ್ತ ತಿರುಗಿಯೂ ನೋಡುವುದಿಲ್ಲ. ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಕರ್ನಲ್ ಮಾಡ್ಯೂಲ್ (ಡ್ರೈವರ್ ಇರುವ ಫೈಲ್) ತಯಾರಕರ ಪಾರ್ಟಿಷನ್‌ನಲ್ಲಿ ಇರಬೇಕು. ಅಲ್ಲಿ ಇಲ್ಲದಿದ್ದರೆ ರೂಟ್ (ಪೂರ್ಣ ನಿಯಂತ್ರಣದ) ಅನುಮತಿ ಇಲ್ಲದೆ ಸೇರಿಸುವ ದಾರಿಯಿಲ್ಲ. ಚಾನೆಲ್ ಸೇವೆಯವರು ಕೊಡುವ ಬಾಕ್ಸ್‌ಗಳ ಯುಎಸ್‌ಬಿ ಪೋರ್ಟ್ ಅನೇಕ ಸಲ ರೆಕಾರ್ಡಿಂಗ್‌ಗೆ ಮಾತ್ರ ಮೀಸಲು, ಅಥವಾ ಅವರೇ ಹೆಸರಿಸಿದ ಡಾಂಗಲ್‌ಗೆ ಮಾತ್ರ ತೆರೆದಿರುತ್ತದೆ. ನೆಟ್‌ವರ್ಕ್ ಮೆನುವಿನಲ್ಲಿ ವೈ-ಫೈ ಎಂಬ ಸಾಲಿದೆಯೇ ನೋಡಿ. ಕೆಲವು ಬಾಕ್ಸ್‌ಗಳು ಸರಿಯಾದ ಡಾಂಗಲ್ ಸಿಕ್ಕಿಸಿದ ಮೇಲಷ್ಟೇ ಆ ಸಾಲನ್ನು ತೋರಿಸುತ್ತವೆ. ಆದ್ದರಿಂದ ಸಾಲು ಕಾಣಲಿಲ್ಲವೆಂದು ಕೈಬಿಡುವ ಮೊದಲು ಕೈಪಿಡಿಯನ್ನೂ ಫರ್ಮ್‌ವೇರ್ ಬದಲಾವಣೆಗಳ ಪಟ್ಟಿಯನ್ನೂ ಓದಿ.

ಈ ಕೆಲಸದ ಬಾಕ್ಸ್ ಲಿನಕ್ಸ್‌ನದು, ಹಾಗಾಗಿ ಒಳಗಿನದ್ದನ್ನು ನೇರವಾಗಿ ಕೇಳಬಹುದು. ಕಂಪ್ಯೂಟರಿನಿಂದ ಟೆಲ್‌ನೆಟ್ ಅಥವಾ ಎಸ್‌ಎಸ್‌ಎಚ್ (ದೂರದಿಂದ ಆದೇಶ ಕೊಡುವ ವಿಧಾನಗಳು) ಮೂಲಕ ಒಳಹೊಕ್ಕು ಮೂರು ಸಂಗತಿ ಬರೆದಿಟ್ಟುಕೊಳ್ಳಬೇಕು: ಕರ್ನಲ್ ಆವೃತ್ತಿ, ಮಾಡ್ಯೂಲ್ ಫೋಲ್ಡರ್‌ನಲ್ಲಿರುವ ವೈರ್‌ಲೆಸ್ ಡ್ರೈವರ್‌ಗಳ ಹೆಸರು, ಫರ್ಮ್‌ವೇರ್ ಫೋಲ್ಡರ್‌ನಲ್ಲಿರುವ ಫೈಲ್‌ಗಳು. ಓಪನ್‌ಎಟಿವಿ, ಓಪನ್‌ಪಿಎಲ್‌ಐಯಂಥ ಇಮೇಜ್‌ಗಳಲ್ಲಿ (ಬಾಕ್ಸ್‌ಗೆ ತುಂಬುವ ತಂತ್ರಾಂಶದ ಕಟ್ಟು) ವೈ-ಫೈ ಡ್ರೈವರ್‌ಗಳು ಬೇರೆ ಪ್ಯಾಕೇಜ್‌ಗಳಾಗಿ ಬರುತ್ತವೆ. ಪ್ಯಾಕೇಜ್ ಪಟ್ಟಿಯಲ್ಲಿ ನೆಟ್‌ವರ್ಕ್ ಯುಎಸ್‌ಬಿ ಎಂದು ಹುಡುಕಿದರೆ ಯಾವ ಚಿಪ್‌ಗೆ ಡ್ರೈವರ್ ಲಭ್ಯ ಎಂಬುದು ಅಲ್ಲೇ ಗೊತ್ತಾಗುತ್ತದೆ. ಡಾಂಗಲ್ ಕೊಳ್ಳುವ ಪಟ್ಟಿಯೂ ಅದೇ. ಈ ಪ್ಯಾಕೇಜನ್ನು ಇಳಿಸಿಕೊಳ್ಳುವಾಗ ಬಾಕ್ಸ್‌ಗೆ ಇಂಟರ್ನೆಟ್ ಬೇಕು. ಆ ಹೊತ್ತಿಗೆ ಬಾಕ್ಸನ್ನು ರೂಟರ್ ಬಳಿಗೆ ಒಯ್ದು ಲ್ಯಾನ್ ಕೇಬಲ್ ಹಾಕಿಯೇ ಮುಗಿಸಿಬಿಡಿ.

ಬೇರೆ ಕರ್ನಲ್‌ಗೆ ಕಟ್ಟಿದ ಮಾಡ್ಯೂಲ್ ತಂದು ಹಾಕುವ ಯೋಚನೆ ಬೇಡ. ಮಾಡ್ಯೂಲ್‌ನ ಆವೃತ್ತಿ ಗುರುತು ಕರ್ನಲ್‌ನ ಗುರುತಿಗೆ ಹೊಂದದಿದ್ದರೆ ಅದು ಲೋಡ್ ಆಗುವುದೇ ಇಲ್ಲ, ಮಾಡ್ಯೂಲ್ ಸ್ವರೂಪ ಸರಿಯಿಲ್ಲ ಎಂಬ ಸಂದೇಶ ಕೊಟ್ಟು ನಿಲ್ಲುತ್ತದೆ.

ಹಂತ 2: ಚಿಪ್‌ಗಳ ಪೈಕಿ ಯಾವುದು?

ಹಳೆಯ ಕರ್ನಲ್‌ಗೆ ನಿಶ್ಚಿಂತೆಯ ಆಯ್ಕೆ ಆರ್‌ಟಿ5370. ಯುಎಸ್‌ಬಿ ಗುರುತು (ತಯಾರಕ ಮತ್ತು ಸಾಧನದ ಸಂಖ್ಯೆ) 148ಎಫ್:5370. ಡ್ರೈವರ್ ಆರ್‌ಟಿ2800ಯುಎಸ್‌ಬಿ, ಫರ್ಮ್‌ವೇರ್ ಫೈಲ್ ಆರ್‌ಟಿ2870.ಬಿನ್. ಹೆಸರಿನಲ್ಲಿ 2870 ಇದ್ದರೂ 3070, 5370, 5572 ಚಿಪ್‌ಗಳಿಗೆಲ್ಲ ಇದೇ ಫೈಲ್. 2.4 ಗಿಗಾಹರ್ಟ್ಸ್ ಮಾತ್ರ, ಒಂದೇ ಸ್ಟ್ರೀಮ್ (ಏಕಕಾಲದ ಡೇಟಾ ಧಾರೆ). 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಗರಿಷ್ಠ ಲಿಂಕ್ ವೇಗ 72.2, 40 ಮೆಗಾಹರ್ಟ್ಸ್‌ನಲ್ಲಿ 150 ಎಂಬಿಪಿಎಸ್.

ಎಂಟಿ7601 ಅದೇ ವರ್ಗದ್ದು, ಗುರುತು 148ಎಫ್:7601. ಇದರ ಡ್ರೈವರ್ ಮುಖ್ಯ ಕರ್ನಲ್‌ಗೆ ಸೇರಿದ್ದು 4.2ರಲ್ಲಿ. ಅದಕ್ಕಿಂತ ಹಳೆಯ ಕರ್ನಲ್‌ನಲ್ಲಿ ತಯಾರಕರ ಪ್ರತ್ಯೇಕ ಡ್ರೈವರ್ ಬೇಕು. ಆ ಡ್ರೈವರ್ ಸಾಧನಕ್ಕೆ ಡಬ್ಲ್ಯೂಲ್ಯಾನ್0 ಎಂದು ಹೆಸರಿಡುವುದಿಲ್ಲ, ಆರ್‌ಎ0 ಎಂದು ಇಡುತ್ತದೆ. ಮೆನು ಡಬ್ಲ್ಯೂಲ್ಯಾನ್0 ಒಂದನ್ನೇ ಹುಡುಕುವ ಬಾಕ್ಸ್‌ಗಳಲ್ಲಿ ಡ್ರೈವರ್ ಸರಿಯಾಗಿ ಲೋಡ್ ಆಗಿದ್ದರೂ ಪರದೆ ಖಾಲಿ ಖಾಲಿ. ಡಾಂಗಲ್ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುನ್ನ ಇಂಟರ್‌ಫೇಸ್‌ಗಳ ಪೂರ್ತಿ ಪಟ್ಟಿ ತೆಗೆದು ನೋಡಿ.

ರಿಯಲ್‌ಟೆಕ್ ಕುಟುಂಬ ದೊಡ್ಡದು, ಗೊಂದಲವೂ ಅಷ್ಟೇ ದೊಡ್ಡದು. ಆರ್‌ಟಿಎಲ್8188ಸಿಯುಎಸ್ (0ಬಿಡಿಎ:8176), ಆರ್‌ಟಿಎಲ್8192ಸಿಯು (0ಬಿಡಿಎ:8178), ಆರ್‌ಟಿಎಲ್8188ಇಯು (0ಬಿಡಿಎ:8179), ಆರ್‌ಟಿಎಲ್8192ಇಯು (0ಬಿಡಿಎ:818ಬಿ) ಹೆಸರಿನಲ್ಲಿ ಅಕ್ಕತಂಗಿಯರಂತೆ ಕಂಡರೂ ಎಲ್ಲಕ್ಕೂ ಒಂದೇ ಡ್ರೈವರ್ ಆಗುವುದಿಲ್ಲ. ಪ್ಯಾಕೇಜ್ ಪಟ್ಟಿಯಲ್ಲಿ 8192ಸಿಯು ಇದ್ದರೆ 8188ಸಿಯುಎಸ್ ಕೂಡ ಅದರಲ್ಲೇ ನಡೆಯುತ್ತದೆ, 8192ಇಯು ಮಾತ್ರ ನಡೆಯದು. ಕೊನೆಯ ಎರಡಕ್ಷರವನ್ನು ಕಣ್ಣಿಟ್ಟು ಓದಬೇಕಾದದ್ದು ಇದಕ್ಕೇ.

ಅಥೆರೋಸ್ ಎಆರ್9271 (0ಸಿಎಫ್3:9271) ಹಳೆಯದಾದರೂ ಗಟ್ಟಿ ಚಿಪ್. ಎಟಿಎಚ್9ಕೆ_ಎಚ್‌ಟಿಸಿ ಡ್ರೈವರ್ ಹಳೆಯ ಕರ್ನಲ್‌ಗಳಲ್ಲೂ ಇದೆ.

ಅಕ್ಕಪಕ್ಕದ ವೈ-ಫೈಗಳಿಂದ 2.4 ಗಿಗಾಹರ್ಟ್ಸ್ ಕಿಕ್ಕಿರಿದಿದ್ದರೆ 5 ಗಿಗಾಹರ್ಟ್ಸ್ ಬೇಕೇ ಬೇಕು. ಹಳೆಯ ಕರ್ನಲ್‌ನಲ್ಲಿ ಅದಕ್ಕೆ ಒಳ್ಳೆಯ ದಾರಿ ಆರ್‌ಟಿ5572 (148ಎಫ್:5572). ಎರಡೂ ಬ್ಯಾಂಡ್, ಎರಡು ಸ್ಟ್ರೀಮ್, ಅದೇ ಆರ್‌ಟಿ2800ಯುಎಸ್‌ಬಿ ಡ್ರೈವರ್, 3.14ರಲ್ಲೂ ಅದಕ್ಕೆ ಬೆಂಬಲವಿದೆ. ಹೆಚ್ಚು ಜನ ಇದನ್ನು ಗಮನಿಸದೆ ನೇರವಾಗಿ ಎಸಿ (802.11ಎಸಿ, ಎನ್‌ಗಿಂತ ಹೊಸ ವೈ-ಫೈ ಮಾನದಂಡ) ಡಾಂಗಲ್‌ಗೆ ಹೋಗಿ ಸಿಕ್ಕಿಬೀಳುತ್ತಾರೆ. ಎಂಟಿ7612ಯು ಚೆನ್ನಾದ ಎಸಿ ಚಿಪ್ಪೇ, ಆದರೆ ಅದರ ಡ್ರೈವರ್ ಮುಖ್ಯ ಕರ್ನಲ್‌ನಲ್ಲಿ ಸಿಗುವುದು 4.19ರ ಕಾಲದಿಂದ ಈಚೆಗೆ.

ಈ ಬಾಕ್ಸ್‌ಗೆ ತೀರ್ಮಾನ: ಮೊದಲ ಆಯ್ಕೆ ಆರ್‌ಟಿ5572, ಅದು ಸಿಗದಿದ್ದರೆ ಆರ್‌ಟಿ5370.

ಡಾಂಗಲ್ ಡಬ್ಬಿಯ ಮೇಲಿನ 600 ಎಂಬ ಅಂಕಿಗೆ ಮರುಳಾಗಬೇಡಿ. ಅದು 2.4ರ 150 ಮತ್ತು 5ರ 433 ಕೂಡಿಸಿ ಮೇಲಕ್ಕೆ ಏರಿಸಿದ ಸಂಖ್ಯೆ. ಡಾಂಗಲ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತದೆ.

ಹಂತ 3: ಒಂದೇ ಮಾದರಿ, ಬೇರೆ ಚಿಪ್

ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ಮಾದರಿ ಸಂಖ್ಯೆ ಅದೇ ಇದ್ದು, ಹಾರ್ಡ್‌ವೇರ್ ಆವೃತ್ತಿ ಬದಲಾದಾಗ ಒಳಗಿನ ಚಿಪ್ ಪೂರ್ತಿ ಬೇರೆಯಾಗುತ್ತದೆ. ಟಿಪಿ-ಲಿಂಕ್ ಟಿಎಲ್-ಡಬ್ಲ್ಯೂಎನ್722ಎನ್ ಇದಕ್ಕೆ ಹೆಸರುವಾಸಿ ಉದಾಹರಣೆ: ಆವೃತ್ತಿ 1ರಲ್ಲಿ ಎಆರ್9271, ಆವೃತ್ತಿ 2ರಿಂದ ಆರ್‌ಟಿಎಲ್8188ಇಯುಎಸ್. ಟಿಎಲ್-ಡಬ್ಲ್ಯೂಎನ್823ಎನ್ ಆವೃತ್ತಿ 1 ಆರ್‌ಟಿಎಲ್8192ಸಿಯು, ಆವೃತ್ತಿ 2 ಆರ್‌ಟಿಎಲ್8192ಇಯು. ಯಾರೋ ಹಿಂದೆ ಇದೇ ಮಾದರಿ ನಡೆಯಿತು ಎಂದು ಬರೆದಿದ್ದರೆ ಆವೃತ್ತಿ ತಿಳಿಯದೆ ಆ ಮಾತಿಗೆ ಬೆಲೆಯಿಲ್ಲ.

ಆವೃತ್ತಿ ಡಾಂಗಲ್ ಹಿಂಬದಿಯ ಚೀಟಿಯಲ್ಲಿ, ಸೀರಿಯಲ್ ಸಂಖ್ಯೆಯ ಹತ್ತಿರ ಇರುತ್ತದೆ. ಚೀಟಿಯಲ್ಲಿ ಎಫ್‌ಸಿಸಿ ಗುರುತು ಇದ್ದರೆ ಇನ್ನೂ ಅನುಕೂಲ: ಅಮೆರಿಕದ ಆ ಸಂವಹನ ನಿಯಂತ್ರಣ ಸಂಸ್ಥೆಯ ದಾಖಲೆಯಲ್ಲಿ ಸಾಮಾನ್ಯವಾಗಿ ಸಾಧನವನ್ನು ಬಿಚ್ಚಿ ತೆಗೆದ ಒಳಚಿತ್ರಗಳಿರುತ್ತವೆ, ಚಿಪ್ ಮೇಲಿನ ಬರಹ ಅಲ್ಲೇ ಓದಬಹುದು. ಹೆಸರಿಲ್ಲದ ಡಾಂಗಲ್ ಆದರೆ ಮಾರುವವರಿಂದ ಯುಎಸ್‌ಬಿ ಗುರುತು ಕೇಳಿ ಪಡೆಯಿರಿ. ಲಿನಕ್ಸ್‌ಗೆ ಆಗುತ್ತದೆ ಎಂಬ ಬರಹವೊಂದನ್ನೇ ನಂಬಿ ಕೊಳ್ಳಬೇಡಿ.

ಹಂತ 4: ಸಿಕ್ಕಿಸಿದ ಮೇಲೆ

ಡಾಂಗಲ್ ಹಾಕಿ, ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಆದೇಶ ಓಡಿಸಿ. ಗುರುತು ನಿರೀಕ್ಷಿಸಿದ್ದೇ ಆಗಿದ್ದರೆ ಕರ್ನಲ್ ಸಂದೇಶಗಳ ಕೊನೆಯ ಸಾಲುಗಳನ್ನು ಓದಿ. ಅಲ್ಲಿ ಕಾಣುವ ದೋಷಸಂಖ್ಯೆಯೇ ಕಾರಣ ಹೇಳಿಬಿಡುತ್ತದೆ.

ದೋಷ -2: ಫರ್ಮ್‌ವೇರ್ ಫೈಲ್ ಸಿಗಲಿಲ್ಲ. ಡ್ರೈವರ್ ಇದೆ, ಫೈಲ್ ಇಲ್ಲ. ಫೈಲನ್ನು ಫರ್ಮ್‌ವೇರ್ ಫೋಲ್ಡರ್‌ಗೆ ಹಾಕಿ ಡಾಂಗಲ್ ತೆಗೆದು ಮತ್ತೆ ಸಿಕ್ಕಿಸಿದರೆ ಸಾಕು.
ದೋಷ -71: ಯುಎಸ್‌ಬಿ ಮಾತುಕತೆ ಕೆಟ್ಟಿದೆ. ಕೇಬಲ್, ಸಡಿಲ ಪೋರ್ಟ್ ಅಥವಾ ವಿದ್ಯುತ್ ಕೊರತೆ.
ದೋಷ -110: ಸಾಧನ ಹೇಳಿದ ಸಮಯಕ್ಕೆ ಉತ್ತರ ಕೊಡಲಿಲ್ಲ. ಇಲ್ಲೂ ಮೊದಲ ಸಂಶಯ ವಿದ್ಯುತ್ತಿನ ಮೇಲೆ.
ಯಾವ ಸಂದೇಶವೂ ಇಲ್ಲದೆ ಗುರುತು ಮಾತ್ರ ಕಂಡರೆ ಡ್ರೈವರೇ ಇಲ್ಲ.

ಗುರುತು 0ಬಿಡಿಎ:1ಎ2ಬಿ ಎಂದು ಬಂದರೆ ಡಾಂಗಲ್ ಸಿಡಿ ಡ್ರೈವ್‌ನ ವೇಷದಲ್ಲಿದೆ. ವಿಂಡೋಸ್ ಡ್ರೈವರ್ ಒಳಗೇ ಇಟ್ಟುಕೊಂಡು ಬರುವ ಹೊಸ ರಿಯಲ್‌ಟೆಕ್ ಡಾಂಗಲ್‌ಗಳು ಹೀಗೆ ಮಾಡುತ್ತವೆ. ಯುಎಸ್‌ಬಿ_ಮೋಡ್‌ಸ್ವಿಚ್ ಇರುವ ಬಾಕ್ಸ್‌ನಲ್ಲಿ ಆ ಸಿಡಿಯನ್ನು ಹೊರತಳ್ಳಿದರೆ ನಿಜವಾದ ಗುರುತು ಹೊರಬರುತ್ತದೆ. ಆ ಸಲಕರಣೆ ಇಲ್ಲದ ಬಾಕ್ಸ್‌ಗೆ ಇಂಥ ಡಾಂಗಲ್ ತರಲೇಬೇಡಿ.

ಹಂತ 5: ವಿದ್ಯುತ್ ಮತ್ತು ಜಾಗ

ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್. ಎರಡು ಆಂಟೆನಾದ ಡಾಂಗಲ್ ಡೇಟಾ ಕಳಿಸುವ ಹೊತ್ತಿಗೆ ಈ ಮಿತಿಯ ಹತ್ತಿರ ಹೋಗಬಲ್ಲದು. ಪಕ್ಕದ ಪೋರ್ಟ್‌ನಲ್ಲಿ ರೆಕಾರ್ಡಿಂಗ್ ಹಾರ್ಡ್ ಡಿಸ್ಕ್ ಇದ್ದರೆ ಡಿಸ್ಕ್ ತಿರುಗಲು ಶುರುವಾದ ಕ್ಷಣವೇ ವೋಲ್ಟೇಜ್ ಕುಸಿದು ಡಾಂಗಲ್ ಉದುರಿಹೋಗುತ್ತದೆ. ರೆಕಾರ್ಡಿಂಗ್ ಶುರುವಾದಾಗಲೇ ವೈ-ಫೈ ಹೋಗುತ್ತದೆ ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಇರುತ್ತದೆ. ಯುಎಸ್‌ಬಿ ಮೀಟರ್ ಇಟ್ಟು ನೋಡಿ: ಪೂರ್ತಿ ಹೊರೆಯಲ್ಲಿ ಪೋರ್ಟ್‌ನ ವೋಲ್ಟೇಜ್ 4.75ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಸ್ವಂತ ಅಡಾಪ್ಟರ್ ಇರುವ ಹಬ್ ಬಳಸಿ, ಡಿಸ್ಕನ್ನು ಅದರ ಮೇಲೆ ಹಾಕಿ. ಹಬ್ ಕೊಳ್ಳುವಾಗ ಒಂದು ಎಚ್ಚರ: ಕೆಲವು ಹಬ್‌ಗಳು ಬಾಕ್ಸ್ ಕಡೆಗೇ ವಿದ್ಯುತ್ ತಳ್ಳುತ್ತವೆ, ಆಗ ಬಾಕ್ಸ್ ಆಫ್ ಮಾಡಿದರೂ ಪೂರ್ತಿ ಆರುವುದಿಲ್ಲ, ಮತ್ತೆ ಆನ್ ಮಾಡಿದಾಗ ಅರ್ಧಕ್ಕೆ ನಿಲ್ಲುತ್ತದೆ.

ಡಾಂಗಲನ್ನು ಬಾಕ್ಸ್‌ನ ಹಿಂಬದಿಗೆ ನೇರವಾಗಿ ಚುಚ್ಚಿದರೆ ಮುಂದೆ ಬಾಕ್ಸ್‌ನ ಲೋಹದ ಕವಚ, ಅದರಾಚೆ ಟಿವಿಯ ಲೋಹದ ಫಲಕ ಸಿಗ್ನಲ್‌ಗೆ ಅಡ್ಡ ನಿಲ್ಲುತ್ತವೆ. ಒಂದು ಮೀಟರ್ ಒಳಗಿನ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಟಿವಿಯ ಅಂಚಿನಾಚೆಗೆ ತಂದಿಡಿ. ಉಗುರಿನಷ್ಟು ಗಾತ್ರದ ನ್ಯಾನೋ ಡಾಂಗಲ್‌ಗಳಿಗೆ ಇದು ಇನ್ನೂ ಮುಖ್ಯ. ಅವುಗಳ ಆಂಟೆನಾ ಚಿಕ್ಕದು, ಬಿಸಿಯೂ ಬೇಗ ಏರುತ್ತದೆ. ಬಾಕ್ಸ್‌ನಲ್ಲಿ ಯುಎಸ್‌ಬಿ 3.0 ಪೋರ್ಟ್ ಇದ್ದು ಅದಕ್ಕೆ ಡಿಸ್ಕ್ ಹಾಕಿದ್ದರೆ 2.4 ಗಿಗಾಹರ್ಟ್ಸ್ ಡಾಂಗಲನ್ನು ಅದರಿಂದ ದೂರವಿಡಿ. ಯುಎಸ್‌ಬಿ 3.0 ಸಂಕೇತದ ಗದ್ದಲ ಅದೇ ಬ್ಯಾಂಡ್‌ನ ಮೇಲೆ ಬೀಳುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ.

ಸಿಗ್ನಲ್ ಮಟ್ಟ -65 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿರಲಿ. -75 ದಾಟಿ ಕೆಳಗೆ ಹೋದರೆ ಡಾಂಗಲ್ ಬದಲಿಸುವುದಕ್ಕಿಂತ ಜಾಗ ಬದಲಿಸುವುದು ಫಲ ಕೊಡುತ್ತದೆ.

ಹಂತ 6: ರೂಟರ್ ಜೊತೆ ಜೋಡಣೆ

ಪಟ್ಟಿಯಲ್ಲಿ ನೆಟ್‌ವರ್ಕ್ ಕಾಣುತ್ತದೆ, ಪಾಸ್‌ವರ್ಡ್ ಸರಿಯಿದೆ, ಆದರೂ ಸೇರುವುದಿಲ್ಲ ಎಂದಾದರೆ ರೂಟರ್‌ನ ಭದ್ರತಾ ಸೆಟ್ಟಿಂಗ್ ನೋಡಿ. ಹಳೆಯ ಡ್ರೈವರ್‌ಗಳಿಗೆ ಡಬ್ಲ್ಯೂಪಿಎ3 ಗೊತ್ತಿಲ್ಲ. ಮ್ಯಾನೇಜ್‌ಮೆಂಟ್ ಫ್ರೇಮ್ ರಕ್ಷಣೆಯನ್ನು ಕಡ್ಡಾಯ ಮಾಡಿದ್ದರೂ ಅವು ಸೋಲುತ್ತವೆ. ಡಬ್ಲ್ಯೂಪಿಎ2 ಮತ್ತು ಎಇಎಸ್ ಇಟ್ಟರೆ ಸರಿ. ಹಳೆಯ ಗೂಢಲಿಪಿ ಬಗೆಯಾದ ಟಿಕೆಐಪಿ ಇಡಬೇಡಿ: 802.11ಎನ್ ನಿಯಮದ ಪ್ರಕಾರ ಟಿಕೆಐಪಿ ಜೊತೆ ಎನ್ ವೇಗ ಸಿಗುವುದಿಲ್ಲ, ಲಿಂಕ್ 54ಕ್ಕೆ ಇಳಿದುಬಿಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ನೆಟ್‌ವರ್ಕ್ ಕಾಣದಿದ್ದರೆ ರೂಟರ್ ಚಾನೆಲನ್ನು 36ರಿಂದ 48ರೊಳಗೆ ಇಡಿ. 2.4ರಲ್ಲಿ 12, 13ನೆಯ ಚಾನೆಲ್‌ಗಳನ್ನು ಬಿಟ್ಟು 1, 6, 11ರಲ್ಲಿ ಒಂದನ್ನು ಆರಿಸಿ.

ವೈ-ಫೈಗೆ ಜೋಡಿಸುವ ಡಬ್ಲ್ಯೂಪಿಎ_ಸಪ್ಲಿಕಂಟ್ ತಂತ್ರಾಂಶವನ್ನು ಕೈಯಾರೆ ಓಡಿಸುವವರು ಡ್ರೈವರ್ ಬಗೆಯನ್ನು ಸರಿಯಾಗಿ ಕೊಡಬೇಕು. ಮುಖ್ಯ ಕರ್ನಲ್‌ನ ಡ್ರೈವರ್‌ಗೆ ಎನ್‌ಎಲ್80211, ತಯಾರಕರ ಹಳೆಯ ಡ್ರೈವರ್‌ಗೆ ವೆಕ್ಸ್ಟ್. ಹೆಸರು ಬಚ್ಚಿಟ್ಟ ನೆಟ್‌ವರ್ಕ್ ಆದರೆ ಸ್ಕ್ಯಾನ್_ಎಸ್‌ಎಸ್‌ಐಡಿ=1 ಸಾಲು ಸೇರಿಸಿ.

ಜೋಡಣೆಯಾದ ಮೇಲೆ ಲ್ಯಾನ್ ಇಂಟರ್‌ಫೇಸ್ ಆಫ್ ಮಾಡುವುದನ್ನು ಮರೆಯಬೇಡಿ. ಎರಡೂ ಒಂದೇ ಸಬ್‌ನೆಟ್‌ನಲ್ಲಿ (ಒಂದೇ ವಿಳಾಸಗುಂಪಿನಲ್ಲಿ) ಜೀವಂತವಿದ್ದರೆ ಕೇಬಲ್ ಕಿತ್ತ ಮೇಲೂ ಡೀಫಾಲ್ಟ್ ರೂಟ್ (ಡೇಟಾ ಹೊರಹೋಗುವ ದಾರಿ) ಅತ್ತಲೇ ಉಳಿಯಬಹುದು. ಆಗ ವೈ-ಫೈ ಜೋಡಿಯಾಗಿರುತ್ತದೆ, ಐಪಿ ವಿಳಾಸವೂ ಸಿಕ್ಕಿರುತ್ತದೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ.

ಹಂತ 7: ಅಳತೆ

150ರ ಡಾಂಗಲ್ 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಒಳ್ಳೆಯ ಸಿಗ್ನಲ್ ಇದ್ದಾಗ ನಿಜವಾಗಿ ಕೊಡುವುದು 30ರಿಂದ 45 ಎಂಬಿಪಿಎಸ್. ಎಚ್‌ಡಿ ಚಾನೆಲ್‌ಗೆ 8ರಿಂದ 15 ಸಾಕು, 4ಕೆ ವಿಡಿಯೊಗೆ 25ರ ಆಸುಪಾಸು ಬೇಕು. ಅಂದರೆ ಎಚ್‌ಡಿ ನೋಡುವವರಿಗೆ ಆರ್‌ಟಿ5370 ಧಾರಾಳ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಅನ್ನು ಒಂದು ನಿಮಿಷ, ಬಾಕ್ಸ್ ಕಡೆಗೆ ಡೇಟಾ ಬರುವ ದಿಕ್ಕಿನಲ್ಲಿ ಓಡಿಸಿ. ಸರಾಸರಿಗಿಂತ ಸೆಕೆಂಡಿಗೊಮ್ಮೆ ಬರುವ ಸಾಲುಗಳಲ್ಲಿ ಅತಿ ಕಡಿಮೆಯದನ್ನು ನೋಡಿ. ವಿಡಿಯೊ ನಿಲ್ಲುವುದು ಆ ಕ್ಷಣದಲ್ಲಿ.

ರೂಟರ್‌ಗೆ ಪಿಂಗ್ ಕೊಟ್ಟಾಗ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರುತ್ತಾ, ನಡುವೆ ನೂರಾರಕ್ಕೆ ಜಿಗಿಯುತ್ತಿದ್ದರೆ ಡಾಂಗಲ್‌ನ ವಿದ್ಯುತ್ ಉಳಿತಾಯ ಕೆಲಸ ಮಾಡುತ್ತಿರುವ ಸೂಚನೆ. ರಿಯಲ್‌ಟೆಕ್‌ನ 8192ಸಿಯು, 8188ಇಯು ಡ್ರೈವರ್‌ಗಳಿಗೆ ಆರ್‌ಟಿಡಬ್ಲ್ಯೂ_ಪವರ್_ಎಂಜಿಎನ್‌ಟಿ=0 ಮತ್ತು ಆರ್‌ಟಿಡಬ್ಲ್ಯೂ_ಇಎನ್‌ಯುಎಸ್‌ಬಿಎಸ್‌ಎಸ್=0 ಕೊಟ್ಟು ಅದನ್ನು ನಿಲ್ಲಿಸಬಹುದು.

ಬಾಕಿ ಇರುವುದು

ಡೀಪ್ ಸ್ಟ್ಯಾಂಡ್‌ಬೈಯಲ್ಲಿ ಬಾಕ್ಸ್ ಯುಎಸ್‌ಬಿ ವಿದ್ಯುತ್ ಕಡಿಯುತ್ತದೆ. ಎದ್ದಾಗ ಡಾಂಗಲ್‌ಗೆ ಫರ್ಮ್‌ವೇರ್ ಮತ್ತೆ ತುಂಬಬೇಕು, ಅಷ್ಟರೊಳಗೆ ನೆಟ್‌ವರ್ಕ್ ಸ್ಕ್ರಿಪ್ಟ್ ಓಡಿ ಮುಗಿದಿರುತ್ತದೆ. ಸ್ಕ್ರಿಪ್ಟ್‌ನಲ್ಲಿ ಡಬ್ಲ್ಯೂಲ್ಯಾನ್0 ಕಾಣುವವರೆಗೆ ಕಾಯುವ ಸಾಲು, ಮೇಲೆ 20 ಸೆಕೆಂಡಿನ ಮಿತಿ ಸೇರಿಸುವುದು ಮುಂದಿನ ಕೆಲಸ. ಲ್ಯಾನ್ ಮೂಲಕ ಬಾಕ್ಸನ್ನು ದೂರದಿಂದ ಎಬ್ಬಿಸುವ ಸೌಲಭ್ಯ ಬಳಸುವವರು ಗಮನಿಸಿ: ವಿದ್ಯುತ್ ಕಡಿದ ಡಾಂಗಲ್ ಮೇಲೆ ಅದು ನಡೆಯುವುದಿಲ್ಲ.

ಡ್ರೈವರ್ ಸಿಗದ ಬಾಕ್ಸ್‌ಗಳಿಗೆ, ಲ್ಯಾನ್ ಪೋರ್ಟ್ ಇರುವ ಪಕ್ಷದಲ್ಲಿ, ಡಾಂಗಲ್ ಹುಡುಕಾಟ ಬಿಟ್ಟು ಪುಟ್ಟ ರೂಟರ್ ಒಂದನ್ನು ಕ್ಲೈಂಟ್ ಮೋಡ್‌ನಲ್ಲಿಟ್ಟು (ಮನೆಯ ವೈ-ಫೈ ಹಿಡಿಯುವಂತೆ ಮಾಡಿ) ಕೇಬಲ್ ಮೂಲಕ ಜೋಡಿಸಿ. ಬಾಕ್ಸ್‌ಗೆ ಅದು ಬರೀ ಲ್ಯಾನ್, ಡ್ರೈವರ್ ಪ್ರಶ್ನೆಯೇ ಏಳದು. ಡಬ್ಲ್ಯೂಪಿಎ3 ಕೂಡ ಆ ರೂಟರ್‌ನ ಪಾಲಿನ ಕೆಲಸವಾಗುತ್ತದೆ. ಆದರೆ ಅದು ಪ್ರತ್ಯೇಕ ಸಬ್‌ನೆಟ್ ಕಟ್ಟಿದರೆ ಮನೆಯ ಡಿಎಲ್‌ಎನ್‌ಎ (ಮನೆಯೊಳಗೆ ವಿಡಿಯೊ ಹಂಚುವ) ಸರ್ವರ್ ಬಾಕ್ಸ್‌ಗೆ ಕಾಣುವುದಿಲ್ಲ, ಫೋನಿನ ರಿಮೋಟ್ ಆ್ಯಪ್ ಕೂಡ ಬಾಕ್ಸನ್ನು ಕಂಡುಹಿಡಿಯದು. ಬ್ರಿಡ್ಜ್ ಆಯ್ಕೆ ಇರುವ ಮಾದರಿಯನ್ನೇ ಆರಿಸಿ, ಅದರ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಸೇವೆ) ಆಫ್ ಮಾಡಿಡಿ. ಬಾಕ್ಸ್‌ಗೆ ವಿಳಾಸ ಮುಖ್ಯ ರೂಟರ್‌ನಿಂದಲೇ ಬರಬೇಕು.